ಮಿಲ್ಲಿನ ಕೆಲಸ, ಸಿಎ ಇಂಟರ್ ಪರೀಕ್ಷೆ ಮತ್ತು ನನ್ನ ಗಂಟೆಗಳ ಕಿರ್ದಿ

ಗಂಗಾವತಿಯ ನಮ್ಮ ರೈಸ್ ಮಿಲ್ಲಿನ ಆಫೀಸಿನಲ್ಲಿ ಒಂದು ಗೋಡೆ ಕ್ಯಾಲೆಂಡರ್ ಇದೆ. ಪ್ರತಿ ತಿಂಗಳು ಮೂರು ತಾರೀಖಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತೇನೆ. 7ಕ್ಕೆ ಟಿಡಿಎಸ್, ಅಂದರೆ ಪಾವತಿಯಲ್ಲಿ ಮುರಿದುಕೊಂಡ ತೆರಿಗೆ, ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್-1, ಮಾರಾಟದ ಜಿಎಸ್‌ಟಿ ರಿಟರ್ನ್. 20ಕ್ಕೆ ಜಿಎಸ್‌ಟಿಆರ್-3ಬಿ, ತೆರಿಗೆ ಕಟ್ಟುವ ರಿಟರ್ನ್. ಬಿ.ಕಾಂ ಮುಗಿಸಿ ಈ ಕೆಲಸಕ್ಕೆ ಸೇರಿದಾಗಿನಿಂದ ನನ್ನ ತಿಂಗಳು ಈ ಮೂರು ಸುತ್ತುಗಳ ನಡುವೆಯೇ ನಡೆಯುತ್ತಿತ್ತು. ಸಿಎ ಓದಬೇಕು ಅಂತ ತೀರ್ಮಾನ ಮಾಡಿದಾಗ ಈ ಸುತ್ತುಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಲ್ಲಿಂದಲೇ ಹೇಳಬೇಕು.

ಕಾಮರ್ಸ್ ಪದವಿಯಲ್ಲಿ 55 ಪರ್ಸೆಂಟ್ ಮೇಲೆ ತೆಗೆದವರು ಸಿಎಯ ಮೊದಲ ಹಂತವಾದ ಫೌಂಡೇಶನ್ ಬರೆಯದೆ ನೇರವಾಗಿ ಎರಡನೇ ಹಂತ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ನನಗೆ 61 ಬಂದಿತ್ತು. ಇದು ಗೊತ್ತಾಗಿದ್ದೇ ತಡವಾಗಿ. ಹೇಳುವವರು ಯಾರೂ ಇರಲಿಲ್ಲ. ಮಿಲ್ಲಿನ ಆಡಿಟ್‌ಗೆ ಬರುತ್ತಿದ್ದ ಒಬ್ಬ ಆರ್ಟಿಕಲ್ ಹುಡುಗಿ, ಅಂದರೆ ಸಿಎ ಒಬ್ಬರ ಕೈಕೆಳಗೆ ತರಬೇತಿಯಲ್ಲಿದ್ದವಳು, ಮಾತಿನ ನಡುವೆ ಹೇಳಿದಳು. 2023ರಲ್ಲಿ ಹೊಸ ಸ್ಕೀಮ್ ಬಂದಿದೆ, ಇಂಟರ್‌ನಲ್ಲಿ ಈಗ ಎಂಟರ ಬದಲು ಆರು ಪೇಪರ್, ಆರ್ಟಿಕಲ್‌ಶಿಪ್ ಕೂಡ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ, ಪರೀಕ್ಷೆ ವರ್ಷಕ್ಕೆ ಮೂರು ಸಲ ಅಂತ. ಜನವರಿ, ಮೇ, ಸೆಪ್ಟೆಂಬರ್. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನೋಂದಣಿ ಆದ ಮೇಲೆ ಎಂಟು ತಿಂಗಳು ಓದಿನ ಅವಧಿ ಕಳೆಯಬೇಕು. 2025ರ ಜನವರಿಯಲ್ಲಿ ಬರೆಯಬೇಕು ಅಂದರೆ 2024ರ ಮೇ 1ರೊಳಗೆ ನೋಂದಣಿ ಆಗಿರಬೇಕು. ಆ ತಾರೀಖು ದಾಟಿದರೆ ಮುಂದಿನ ಮೇವರೆಗೆ ಕಾಯಬೇಕು. ಏಪ್ರಿಲ್ ಕೊನೆ ವಾರದಲ್ಲಿ ಮೂರು ಮೂರು ಪೇಪರಿನ ಎರಡೂ ಗ್ರೂಪಿಗೆ ಸೇರಿಸಿ 18,000 ರೂಪಾಯಿ ಕಟ್ಟಿದೆ. ಒಂದು ವರ್ಷ ಕೂಡಿಟ್ಟ ದುಡ್ಡು ಅದು. ಅವ್ವನಿಗೆ ಮೊದಲು ಹೇಳಿರಲಿಲ್ಲ. ಕಟ್ಟಿ ಬಂದ ಮೇಲೆ ಹೇಳಿದೆ. "ಕಟ್ಟೀಯಲ್ಲ, ಇನ್ನ ಓದು" ಅಂದಳು, ಅಷ್ಟೇ.

ಮೊದಲ ಪ್ಲಾನ್ ಬಹಳ ಚೆಂದ ಇತ್ತು. ದಿನಕ್ಕೆ ಐದು ಗಂಟೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮೂರು, ರಾತ್ರಿ ಎರಡು. ಎಂಟು ತಿಂಗಳಿಗೆ 1,200 ಗಂಟೆ. ಆರು ಪೇಪರ್, ಪೇಪರಿಗೆ 150 ಗಂಟೆ ಅಂತ ಹಿಡಿದರೂ 900. ಇನ್ನೂ 300 ಗಂಟೆ ರಿವಿಜನ್‌ಗೆ ಉಳಿಯುತ್ತದೆ! ಚಾರ್ಟ್ ಬರೆದು ಮಂಚದ ಪಕ್ಕ ಅಂಟಿಸಿದೆ. ಮೇ ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಕೂತು ಓದಿದ್ದು 71 ಗಂಟೆ. ಐದಲ್ಲ, ದಿನಕ್ಕೆ ಎರಡೂಕಾಲು.

ಆ 71 ಎಲ್ಲಿಂದ ಸಿಕ್ಕಿತು ಅಂದರೆ, ಅಷ್ಟೊತ್ತಿಗೆ ನಾನು ಗಂಟೆಗಳನ್ನು ಬರೆದಿಡಲು ಶುರು ಮಾಡಿದ್ದೆ. ನಮ್ಮ ಮಿಲ್ಲಿನಲ್ಲಿ ಹಳೆಯ ಗುಮಾಸ್ತರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಕಾಕಾ ಅಂತಾರೆ. ಟ್ಯಾಲಿ ಸಾಫ್ಟ್‌ವೇರ್ ಬರುವ ಮೊದಲು ಇಡೀ ಮಿಲ್ಲಿನ ಕಿರ್ದಿಯನ್ನು, ಅಂದರೆ ದಿನದಿನದ ಲೆಕ್ಕದ ಪುಸ್ತಕವನ್ನು, ಕೈಯಲ್ಲಿ ಬರೆದವರು. ಈಗಲೂ ತೂಕದ ಕಾಟಾದ ಚೀಟಿಗಳನ್ನು ಒಂದು ಉದ್ದ ಪುಸ್ತಕದಲ್ಲಿ ಬರೆದೇ ನನಗೆ ಕೊಡುತ್ತಾರೆ. ಅಂಥದೇ ಒಂದು ಪುಸ್ತಕ ಅವರ ಹತ್ತಿರ ಇಸಕೊಂಡೆ. ದಿನಾ ರಾತ್ರಿ ತಾರೀಖು ಹಾಕಿ, ಯಾವ ಪೇಪರ್, ಎಷ್ಟು ಹೊತ್ತು ಅಂತ ಬರೆಯುತ್ತಿದ್ದೆ. ಫೋನ್ ನೋಡಿದ ಹೊತ್ತು ಸೇರಿಸುತ್ತಿರಲಿಲ್ಲ. ವಿಡಿಯೊ ಕ್ಲಾಸ್ ಸುಮ್ನೆ ಕೇಳಿದ್ದನ್ನು ಅರ್ಧ ಅಂತ ಹಿಡಿಯುತ್ತಿದ್ದೆ. ಲೆಕ್ಕ ಬಿಡಿಸಿದ್ದು, ಉತ್ತರ ಬರೆದಿದ್ದು ಮಾತ್ರ ಪೂರ್ತಿ.

ಮೇ, ಜೂನ್, ಜುಲೈ ಹೀಗೇ ಹೋಯಿತು. ಸ್ಟಡಿ ಮೆಟೀರಿಯಲ್ ಸಿಎ ಪರೀಕ್ಷೆ ನಡೆಸುವ ಸಂಸ್ಥೆ ಐಸಿಎಐನದ್ದೇ. ಅವರ ಪೋರ್ಟಲ್‌ನಲ್ಲಿ ಪಿಡಿಎಫ್ ಪುಕ್ಕಟೆ ಸಿಗುತ್ತದೆ, ಲೈವ್ ಕ್ಲಾಸ್ ಕೂಡ ಪುಕ್ಕಟೆ. ಕೋಚಿಂಗ್‌ಗೆ ಹೋಗಲು ನಮ್ಮೂರಲ್ಲಿ ಅನುಕೂಲ ಇರಲಿಲ್ಲ. ಇದ್ದರೂ ಕೆಲಸ ಬಿಡುವ ಹಾಗಿರಲಿಲ್ಲ.

ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟು ಕೊಚ್ಚಿಕೊಂಡು ಹೋಯಿತು. ಈ ಕಡೆಯವರಿಗೆ ಅದು ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಊರಿನ ಅನ್ನ ಆ ನೀರಿನಿಂದ. ಡ್ಯಾಮ್ ಖಾಲಿಯಾದರೆ ಭತ್ತ ಇಲ್ಲ, ಭತ್ತ ಇಲ್ಲ ಅಂದರೆ ಮಿಲ್ಲಿಲ್ಲ. ಒಂದು ವಾರ, ಆ ಜಾಗಕ್ಕೆ ತಾತ್ಕಾಲಿಕ ತಡೆಯಾಗಿ ಸ್ಟಾಪ್‌ಲಾಗ್ ಕೂರಿಸುವವರೆಗೆ, ಆಫೀಸಿನಲ್ಲಿ ಯಾರಿಗೂ ಬೇರೆ ಮಾತೇ ಇರಲಿಲ್ಲ. ಸಾವ್ಕಾರರು ಬೆಳಿಗ್ಗೆ ಬಂದು ಯಾವ ರೈತನಿಗೆ ಎಷ್ಟು ಮುಂಗಡ ಕೊಟ್ಟಿದ್ದೇವೆ ಲೆಕ್ಕ ತೆಗಿ ಅನ್ನುವರು, ಸಂಜೆ ಮತ್ತೆ ಅದೇ ಲೆಕ್ಕ. ಅಪ್ಪನಿಗೂ ಎರಡೂವರೆ ಎಕರೆ ಇದೆ. ಆ ವಾರದ ಪುಟದಲ್ಲಿ ಬರೆದಿದ್ದು ನಾಲ್ಕು ಗಂಟೆ ಮಾತ್ರ. ಪುಟ ನೋಡಿದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ. ಪುಣ್ಯಕ್ಕೆ ಮುಂದೆ ಮಳೆಯಾಗಿ ಡ್ಯಾಮ್ ಮತ್ತೆ ತುಂಬಿತು.

ತುಂಬಿತು ಅಂದರೆ ನವೆಂಬರ್‌ನಲ್ಲಿ ಸೀಸನ್ ಜೋರು. ಪರೀಕ್ಷೆಯ ಅರ್ಜಿ ತೆರೆದಿದ್ದೂ ಆಗಲೇ. ನವೆಂಬರ್ 10ರಿಂದ 23ರವರೆಗೆ. ಅದಾದ ಮೇಲೆ ಮೂರು ದಿನ 600 ರೂಪಾಯಿ ದಂಡ ಕಟ್ಟಿ ಹಾಕಬಹುದು. ಒಂದು ಗ್ರೂಪಿಗೆ 1,500 ರೂಪಾಯಿ, ಎರಡೂ ಸೇರಿದರೆ 2,700.

ಅರ್ಜಿ ತುಂಬುವುದು ಅರ್ಧ ಗಂಟೆಯ ಕೆಲಸ. ಫೋಟೊ, ಸಹಿ ಮೊದಲೇ ಪೋರ್ಟಲ್‌ನಲ್ಲಿ ಇರುತ್ತವೆ. ಆದರೆ ಅದರಲ್ಲಿ ಮೂರು ಕಡೆ ಯೋಚಿಸಿ ಒತ್ತಬೇಕು: ಗ್ರೂಪ್, ಊರು, ಭಾಷೆ. ಭಾಷೆಯಲ್ಲಿ ಇಂಗ್ಲಿಷ್ ಇಲ್ಲವೇ ಹಿಂದಿ, ಕನ್ನಡ ಇಲ್ಲ. ನಾನು ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದವಳು. ಇದು ಅರ್ಜಿಯಲ್ಲಿ ಒಂದು ಗುಂಡಿ ಒತ್ತಿದರೆ ಮುಗಿಯುವ ವಿಷಯ ಅಲ್ಲ, ಓದಿನ ಪ್ಲಾನಿಗೇ ಸೇರಬೇಕಾದದ್ದು. ಅದು ನನಗೆ ಮಾರ್ಚ್‌ನಲ್ಲಿ ಅರ್ಥವಾಯಿತು.

ಗ್ರೂಪಿನ ವಿಷಯಕ್ಕೆ ಕಿರ್ದಿ ತೆಗೆದು ಕೂತೆ. ಆರು ತಿಂಗಳಲ್ಲಿ ಓದಿದ್ದು 460 ಗಂಟೆ. ಅದರಲ್ಲಿ ಮೊದಲ ಗ್ರೂಪಿನ ಮೂರು ಪೇಪರಿಗೆ, ಅಂದರೆ ಅಕೌಂಟ್ಸ್, ಲಾ, ಟ್ಯಾಕ್ಸ್‌ಗೆ 290. ಎರಡನೆಯ ಗ್ರೂಪಿನ ಕಾಸ್ಟಿಂಗ್, ಆಡಿಟಿಂಗ್, ಎಫ್‌ಎಂಗೆ (ಫೈನಾನ್ಶಿಯಲ್ ಮ್ಯಾನೇಜ್‌ಮೆಂಟ್) 170. ಪರೀಕ್ಷೆಗೆ ಇನ್ನು ಎರಡು ತಿಂಗಳು. ಸೀಸನ್‌ನಲ್ಲಿ ದಿನಕ್ಕೆ ಎರಡು ಗಂಟೆ ಸಿಕ್ಕರೆ ಹೆಚ್ಚು. ಜನವರಿಯಲ್ಲಿ ರಜೆ ಸಿಕ್ಕರೆ ಒಂಬತ್ತು ದಿನ, ದಿನಕ್ಕೆ ಒಂಬತ್ತು ಗಂಟೆ. ಎಲ್ಲ ಸೇರಿ 200. ಎರಡೂ ಗ್ರೂಪಿಗೆ ಯಾವ ರೀತಿಯಿಂದ ಕೂಡಿಸಿದರೂ ಮುಟ್ಟುವುದಿಲ್ಲ. ಮೊದಲ ಗ್ರೂಪ್ ಒಂದಕ್ಕೆ ಮುಟ್ಟುತ್ತದೆ.

ಮೊದಲ ಗ್ರೂಪೇ ಯಾಕೆ ಅಂದರೆ ಟ್ಯಾಕ್ಸ್ ಪೇಪರಿಗಾಗಿ. ಪ್ರತಿ ವರ್ಷ ತೆರಿಗೆ ಬದಲಾವಣೆ ತರುವ ಹಣಕಾಸು ಕಾಯ್ದೆಗಳಲ್ಲಿ ಜನವರಿ 2025ರ ಪರೀಕ್ಷೆಗೆ 2023ರದ್ದು ಅನ್ವಯ. ಮೇ ತಿಂಗಳಿನಿಂದ 2024ರ ಕಾಯ್ದೆ. ನಾನು ಓದಿದ್ದು ಹಳೆಯದು. ಟ್ಯಾಕ್ಸ್ ಪೇಪರನ್ನು ಮುಂದಕ್ಕೆ ತಳ್ಳಿದರೆ ದರಗಳಿಂದ ಹಿಡಿದು ಕ್ಯಾಪಿಟಲ್ ಗೇನ್ಸ್‌ವರೆಗೆ ಮತ್ತೆ ಓದಬೇಕು. ಯಾವ ಪೇಪರನ್ನು ಯಾವಾಗ ಬರೆಯಬೇಕು ಅನ್ನುವಾಗ ಈ ಗೆರೆ ಎಲ್ಲಿ ಬೀಳುತ್ತದೆ ಅಂತ ನೋಡಲೇಬೇಕು. ಜಾಸ್ತಿ ಜನ ನೋಡುವುದಿಲ್ಲ.

ಊರು ಆರಿಸುವಾಗ ತಪ್ಪು ಮಾಡಿದೆ. ಅಕ್ಕ ಬೆಂಗಳೂರಿನಲ್ಲಿದ್ದಾಳೆ ಅಂತ ಬೆಂಗಳೂರು ಹಾಕಿಬಿಟ್ಟೆ. ಎರಡು ದಿನ ಆದ ಮೇಲೆ ಯೋಚನೆ ಶುರುವಾಯಿತು. ಪರೀಕ್ಷೆ ಜನವರಿ 11, 13, 15ಕ್ಕೆ. ಒಂದು ದಿನ ಬಿಟ್ಟು ಒಂದು ದಿನ. ಮಧ್ಯಾಹ್ನ 2ರಿಂದ 5. ಬೆಂಗಳೂರಿನಲ್ಲಿ ಸೆಂಟರ್ ಎಲ್ಲಿ ಬೀಳುತ್ತದೋ, ಟ್ರಾಫಿಕ್ ಹೇಗೋ. ಅಕ್ಕನ ಮನೆಯಲ್ಲಿ ಎರಡು ಸಣ್ಣ ಮಕ್ಕಳು ಬೇರೆ. ಬಳ್ಳಾರಿಯಲ್ಲೂ ಸೆಂಟರ್ ಇದೆ, ಕೌಲ್ ಬಜಾರ್‌ನಲ್ಲಿ ಚಿಗವ್ವನ ಮನೆ ಇದೆ, ಕಂಪ್ಲಿ, ಕುರುಗೋಡು ಮೇಲೆ ಬಸ್ಸಿದೆ. ಅರ್ಜಿ ಮುಚ್ಚಿದ ಮೇಲೆ ಊರು, ಗ್ರೂಪ್, ಭಾಷೆ ತಿದ್ದಲು ಮೂರು ದಿನ ಕೊಡುತ್ತಾರೆ. ನವೆಂಬರ್ 27ರಿಂದ 29. ಮೊದಲ ದಿನವೇ ಬಳ್ಳಾರಿ ಅಂತ ತಿದ್ದಿದೆ. ಆ ಮೂರು ದಿನದ ವಿಷಯ ಗೊತ್ತಿರದಿದ್ದರೆ ಬೆಂಗಳೂರಿಗೇ ಹೋಗಬೇಕಿತ್ತು.

ಅದೇ ದಿನ ಸಾವ್ಕಾರರ ಹತ್ತಿರ ರಜೆ ಕೇಳಿದೆ. ಹಾಲ್‌ಟಿಕೆಟ್ ಬಂದ ಮೇಲೆ ಕೇಳೋಣ ಅಂದುಕೊಂಡಿದ್ದೆ. ಕಾಕಾ ಬೇಡ ಅಂದರು. "ಈಗ ಕೇಳವ್ವಾ. ಆವಾಗ ಕೇಳಿದ್ರ ಲೋಡ್ ನಿಂತಿರ್ತಾವ, ಆಗಂಗಿಲ್ಲ ಅಂತಾರ." ಸರಿ ಅಂತ ಬರೆದುಕೊಟ್ಟೆ. ಜನವರಿ 2ರಿಂದ 16ರವರೆಗೆ ರಜೆ, ನಡುವೆ 8ಕ್ಕೆ ಅರ್ಧ ದಿನ ಬಂದು ಜಿಎಸ್‌ಟಿಆರ್-1 ಮುಗಿಸಿಕೊಡುತ್ತೇನೆ ಅಂತ. ಮೊದಲ ಪೇಪರ್ ಇದ್ದದ್ದೇ 11ಕ್ಕೆ, ಆ ಕೆಂಪು ಸುತ್ತಿನ ಮೇಲೆ. ಸಾವ್ಕಾರರು ಚೀಟಿ ಎರಡು ಸಲ ಓದಿದರು. "ರಿಟರ್ನ್ ತಪ್ಪಬಾರದು ನೋಡು ತಂಗಿ" ಅಂದರು. ತಪ್ಪುವುದಿಲ್ಲ ಅಂದೆ.

ಡಿಸೆಂಬರ್ ಬಹಳ ಕಷ್ಟದ ತಿಂಗಳು. ಭತ್ತದ ಟ್ರ್ಯಾಕ್ಟರುಗಳು ಗೇಟಿನ ಹೊರಗೆ ಸಾಲು ನಿಲ್ಲುತ್ತವೆ. ಹಮಾಲರ ಲೆಕ್ಕ, ದಲಾಲಿ ಅಂಗಡಿಯ ಪಟ್ಟಿ, ಸರಕು ಸಾಗಣೆಯ ಇ-ವೇ ಬಿಲ್. ರಾತ್ರಿ ಒಂಬತ್ತಾಗುತ್ತಿತ್ತು ಮನೆಗೆ ಬರುವುದು. ರಾತ್ರಿ ಓದು ಆಗಲ್ಲ ಅಂತ ಬಿಟ್ಟೇಬಿಟ್ಟೆ. ಒಂಬತ್ತೂವರೆಗೆ ಮಲಗಿ ನಾಲ್ಕಕ್ಕೆ ಏಳುವುದು. ಆರೂವರೆವರೆಗೆ ಓದು, ಆಮೇಲೆ ಅವ್ವನ ಜೊತೆ ರೊಟ್ಟಿ. ಬೆಳಗಿನ ಜಾವ ಅಕೌಂಟ್ಸ್ ಮತ್ತು ಟ್ಯಾಕ್ಸ್ ಮಾಡುತ್ತಿದ್ದೆ, ತಲೆ ಹೊಸದಾಗಿರುತ್ತದೆ ಅಂತ. ಲಾ ಪುಸ್ತಕವನ್ನು ಊಟದ ಬಿಡುವಿನಲ್ಲಿ ಹಿಡಿದು ಕೂರುತ್ತಿದ್ದೆ. ಎಳ್ಳ ಅಮಾವಾಸ್ಯೆ ಡಿಸೆಂಬರ್ 30ಕ್ಕೆ ಬಂದಿತ್ತು. ಹೊಲಕ್ಕೆ ಚರಗ ಚೆಲ್ಲಲು ಎಲ್ಲರೂ ಹೋದರು, ನಾನೂ ಹೋದೆ. ಅದನ್ನು ಬಿಡಲು ಮನಸ್ಸಾಗಲಿಲ್ಲ. ಕಿರ್ದಿಯಲ್ಲಿ ಆ ದಿನ ಒಂದು ಗಂಟೆ.

ಮಿಲ್ಲಿನ ಕೆಲಸ ಓದಿಗೆ ಅಡ್ಡಿ ಅಂತ ಮಾತ್ರ ಹೇಳಿದರೆ ತಪ್ಪಾಗುತ್ತದೆ. 25 ಕೆಜಿವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ 2022ರ ಜುಲೈ 18ರಿಂದ 5 ಪರ್ಸೆಂಟ್ ಜಿಎಸ್‌ಟಿ. ಅದಕ್ಕೇ ಅಂಗಡಿಗಳಲ್ಲಿ 26 ಕೆಜಿ ಚೀಲ ಬಂತು. ಸ್ಟಡಿ ಮೆಟೀರಿಯಲ್‌ನಲ್ಲಿ ಆ ಸಾಲು ಬಂದಾಗ ನನಗೆ ಬಾಯಿಪಾಠ ಮಾಡುವ ಅಗತ್ಯವೇ ಬೀಳಲಿಲ್ಲ. ಚೀಲ ಬದಲಾದ ದಿನ ನಾನು ಗೋದಾಮಿನಲ್ಲಿ ನಿಂತಿದ್ದೆ. ಖರೀದಿಗೆ ಕಟ್ಟಿದ ತೆರಿಗೆಯನ್ನು ಹಿಡಿದುಕೊಳ್ಳುವ ಇನ್‌ಪುಟ್ ಕ್ರೆಡಿಟ್, ಮಾರುವವರ ಬದಲು ಕೊಳ್ಳುವವರೇ ತೆರಿಗೆ ಕಟ್ಟುವ ರಿವರ್ಸ್ ಚಾರ್ಜ್, ಇವೆಲ್ಲ ನನ್ನ ಕೈಯಲ್ಲಿ ಓಡಾಡುವ ಕಾಗದಗಳು.

ಜನವರಿ 10ಕ್ಕೆ ಬಳ್ಳಾರಿಗೆ ಹೋದೆ. ಮರುದಿನ ಒಂದು ಗಂಟೆಗೆ ಸೆಂಟರಿನ ಗೇಟಿನಲ್ಲಿದ್ದೆ. 1.45ಕ್ಕೆ ಪ್ರಶ್ನೆಪತ್ರಿಕೆ ಕೈಗೆ ಬರುತ್ತದೆ. ಆ ಹದಿನೈದು ನಿಮಿಷ ಓದಲು ಮಾತ್ರ. 30 ಅಂಕ ಬಹು ಆಯ್ಕೆ ಪ್ರಶ್ನೆಗಳಿಗೆ, 70 ಬರೆಯುವುದಕ್ಕೆ. ತಪ್ಪಾದರೆ ಅಂಕ ಕಡಿಯುವುದಿಲ್ಲ. ಪಕ್ಕದ ಸಾಲಿನಲ್ಲಿ ಸಿರುಗುಪ್ಪದ ಹುಡುಗಿ ಕೂತಿದ್ದಳು. ಆಕೆ ಎರಡೂ ಗ್ರೂಪ್ ಬರೆಯುತ್ತಿದ್ದಳು. ಹೊರಗೆ ಬಂದ ಮೇಲೆ ಒಟ್ಟಿಗೆ ಚಹಾ ಕುಡಿದೆವು, ನಂಬರ್ ತೆಗೆದುಕೊಂಡೆವು.

14ಕ್ಕೆ ಸಂಕ್ರಾಂತಿ. ಚಿಗವ್ವ ಮಾದಲಿ ಮಾಡಿದ್ದಳು. ನಾನು ಟಿಡಿಎಸ್ ಸೆಕ್ಷನ್‌ಗಳನ್ನು ನೋಡುತ್ತಾ ಅಡುಗೆ ಮನೆಯಲ್ಲೇ ಕೂತು ತಿಂದೆ. 15ಕ್ಕೆ ಟ್ಯಾಕ್ಸ್. ಅವತ್ತೇ ಕೊಪ್ಪಳದಲ್ಲಿ ಗವಿಸಿದ್ಧೇಶ್ವರ ಜಾತ್ರೆಯ ತೇರು. ನನಗೆ ತಿಳಿವಳಿಕೆ ಬಂದಾಗಿನಿಂದ ಆ ತೇರು ತಪ್ಪಿಸಿದವಳಲ್ಲ. ದಾಸೋಹಕ್ಕೆ ನಮ್ಮ ಓಣಿಯಿಂದ ರೊಟ್ಟಿ ಹೋಗುತ್ತವೆ, ಅವ್ವ ವಾರ ಮೊದಲೇ ಬಡಿಯಲು ಕೂರುತ್ತಾಳೆ. ಐದು ಗಂಟೆಗೆ ಉತ್ತರಪತ್ರಿಕೆ ಕೊಟ್ಟು ಹೊರಗೆ ಬಂದು ಫೋನ್ ಆನ್ ಮಾಡಿದೆ. ತಮ್ಮ ವಿಡಿಯೊ ಕಾಲ್ ಮಾಡಿ ತೇರು ತೋರಿಸಿದ. ಗದ್ದಲದಲ್ಲಿ ಏನೂ ಕೇಳಿಸಲಿಲ್ಲ. ರಸ್ತೆ ಬದಿ ನಿಂತೇ ಕೈ ಮುಗಿದೆ.

ಫಲಿತಾಂಶ ಬಂದಿದ್ದು ಮಾರ್ಚ್ 4ಕ್ಕೆ. ಅಕೌಂಟ್ಸ್ 51. ಟ್ಯಾಕ್ಸ್ 60. ಲಾ 37.

ಪಾಸಾಗಲು ಪ್ರತಿ ಪೇಪರಿನಲ್ಲಿ 40 ಬೇಕು, ಗ್ರೂಪ್ ಒಟ್ಟು 300ಕ್ಕೆ 150 ಬೇಕು. ನನ್ನದು ಲಾದಲ್ಲಿ ಮೂರು ಕಡಿಮೆ, ಒಟ್ಟಿನಲ್ಲಿ ಎರಡು ಕಡಿಮೆ. ಆ ಸಲ ಮೊದಲ ಗ್ರೂಪಿನಲ್ಲಿ ಪಾಸಾದವರು ನೂರಕ್ಕೆ 14ರಷ್ಟು. ಅದನ್ನು ಓದಿ ಸಮಾಧಾನ ಏನೂ ಆಗಲಿಲ್ಲ. ಮಿಲ್ಲಿನ ಹಿಂದೆ ಉಮಿಯ ರಾಶಿಯ ಹತ್ತಿರ ಹೋಗಿ ಅತ್ತೆ. ಕಾಕಾ ನೋಡಿಯೂ ನೋಡದ ಹಾಗೆ ಹೋದರು.

ಆದರೆ ಅಳುತ್ತಾ ಕೂರಲು ದಿನಗಳಿರಲಿಲ್ಲ. ಮೇ ಪರೀಕ್ಷೆಯ ಅರ್ಜಿ ಮಾರ್ಚ್ 1ಕ್ಕೇ ತೆರೆದಿತ್ತು, ದಂಡವಿಲ್ಲದೆ 14ಕ್ಕೆ ಮುಗಿಯುತ್ತಿತ್ತು. ಫಲಿತಾಂಶ ಬಂದ ಮೇಲೆ ಕೈಯಲ್ಲಿ ಇದ್ದದ್ದು ಹತ್ತು ದಿನ. ಮೊದಲ ಗ್ರೂಪ್ ಮತ್ತೆ ಬರೆಯುವುದೋ, ಎರಡೂ ಬರೆಯುವುದೋ, ಸೆಪ್ಟೆಂಬರ್‌ಗೆ ಬಿಡುವುದೋ? ವರ್ಷಕ್ಕೆ ಮೂರು ಪರೀಕ್ಷೆ ಬಂದಿದ್ದು ಒಳ್ಳೆಯದೇ. ಆದರೆ ಸೋತ ಮನಸ್ಸಿನಲ್ಲೇ ಮುಂದಿನ ತೀರ್ಮಾನ ಮಾಡಬೇಕಾಗುತ್ತದೆ.

ಎರಡು ದಿನ ಕಳೆದು ಕಿರ್ದಿ ಪುಸ್ತಕ ಹಿಡಿದು ಕಾಕಾನ ಎದುರಿಗೆ ಕೂತೆ. ನೋಡಿ ಕಾಕಾ, ಮೊದಲ ಗ್ರೂಪಿಗೆ 480 ಗಂಟೆ ಓದಿದ್ದೇನೆ, ಆದರೂ ಹೋಯಿತು ಅಂದೆ. ಅವರು ಕನ್ನಡಕ ಏರಿಸಿ ಪುಟ ತಿರುವಿದರು. "ಕಿರ್ದಿ ಛಲೋ ಬರದೀ. ಖತಾವಣಿ ಎಲ್ಲೈತಿ?" ಅಂತ ಕೇಳಿದರು. "ಬರೇ ಕಿರ್ದಿ ಬರದ್ರ ಯಾವ ಖಾತಿಗೆ ಎಷ್ಟ ಹೋತು ಅಂತ ಹೆಂಗ ತಿಳೀತೈತಿ?"

ಖತಾವಣಿ ಅಂದರೆ ಕಿರ್ದಿಯ ಸಾಲುಗಳನ್ನು ಖಾತೆವಾರು ಬೇರೆ ಮಾಡಿ ಬರೆಯುವುದು, ದಿನಾ ಮಿಲ್ಲಿನಲ್ಲಿ ನಾನು ಮಾಡುವ ಕೆಲಸವೇ ಅದು. ಓದಿಗೆ ಮಾಡಿರಲಿಲ್ಲ. ಅವತ್ತು ರಾತ್ರಿ ಮೂರು ಪೇಪರಿಗೆ ಮೂರು ಖಾತೆ ತೆರೆದು ಒಂದೊಂದೇ ದಿನವನ್ನು ಏರಿಸಿದೆ. ಅಕೌಂಟ್ಸ್ 205 ಗಂಟೆ. ಟ್ಯಾಕ್ಸ್ 190. ಲಾ 85. ಆ 85ರಲ್ಲೂ ಪೆನ್ನು ಹಿಡಿದು ಉತ್ತರ ಬರೆದಿದ್ದು 12 ಗಂಟೆ. ಉಳಿದಿದ್ದೆಲ್ಲ ಊಟದ ಬಿಡುವಿನಲ್ಲಿ ಓದಿದ್ದು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವಳಿಗೆ ಕಂಪನಿ ಕಾಯ್ದೆಯ ಉತ್ತರ ಓದಿದರೆ ಬರುವುದಿಲ್ಲ, ಬರೆದು ಬರೆದು ಕೈಗೆ ಕೂರಬೇಕು. ಒಟ್ಟು ಮೊತ್ತ ದೊಡ್ಡದಿತ್ತು, ಅದನ್ನೇ ನೋಡಿ ನಾನು ಧೈರ್ಯ ತಂದುಕೊಂಡಿದ್ದೆ.

ಇನ್ನೊಂದು ವಿಷಯ ನನ್ನನ್ನು ಎತ್ತಿ ನಿಲ್ಲಿಸಿತು. ಗ್ರೂಪ್ ಫೇಲಾದರೂ ಒಂದು ಪೇಪರಿನಲ್ಲಿ 60 ಬಂದರೆ ಆ ಪೇಪರಿಗೆ ಮುಂದಿನ ಮೂರು ಪರೀಕ್ಷೆವರೆಗೆ ವಿನಾಯಿತಿ. ಟ್ಯಾಕ್ಸ್ ಸರಿಯಾಗಿ 60. ಹೊಸ ಹಣಕಾಸು ಕಾಯ್ದೆ ಓದುವ ಗೋಜಿಲ್ಲ. ಆ 60 ಹಾಗೇ ಸೇರಿಕೊಳ್ಳುತ್ತದೆ, ಉಳಿದ ಎರಡು ಪೇಪರಿನಲ್ಲಿ 90 ತಂದರೆ ಸಾಕು, ಎರಡರಲ್ಲೂ 40 ದಾಟಿರಬೇಕು ಅಷ್ಟೇ.

ಸಿರುಗುಪ್ಪದ ಗೆಳತಿ ಎರಡೂ ಗ್ರೂಪ್ ಹಾಕು ಅಂದಳು. ಅದಕ್ಕೂ ಒಂದು ಲಾಭವಿದೆ. ಎರಡನ್ನೂ ಒಟ್ಟಿಗೆ ಬರೆದರೆ ಒಟ್ಟು 600ಕ್ಕೆ 300 ನೋಡುತ್ತಾರೆ, ಒಂದು ಗ್ರೂಪಿನ ಹೆಚ್ಚಿನ ಅಂಕ ಇನ್ನೊಂದರ ಕೊರತೆ ತುಂಬುತ್ತದೆ. ಆಕೆ ಮನೆಯಲ್ಲೇ ಇದ್ದು ಓದುವವಳು, ಆಕೆಗೆ ಅದು ಸರಿ. ನನಗೆ ಮಾರ್ಚ್ 31ರ ವರ್ಷದ ಲೆಕ್ಕ ಮುಚ್ಚುವುದಿತ್ತು, ಏಪ್ರಿಲ್‌ನಲ್ಲಿ ಎರಡನೇ ಬೆಳೆಯ ಭತ್ತ ಬರುವುದಿತ್ತು. ಕೂಡಿಸಿದರೆ 145 ಗಂಟೆ. ಲಾಗೆ 95, ಅಕೌಂಟ್ಸಿಗೆ 50. ಐದು ಪೇಪರಿಗೆ ಅದನ್ನು ಹಂಚಿದರೆ ಯಾವುದಕ್ಕೂ ಸಾಲುವುದಿಲ್ಲ. ಮಾರ್ಚ್ 9ರ ಭಾನುವಾರ 1,500 ಕಟ್ಟಿ ಮೊದಲ ಗ್ರೂಪಷ್ಟೇ ಹಾಕಿದೆ. ಟ್ಯಾಕ್ಸಿನ ವಿನಾಯಿತಿ ಸರಿಯಾಗಿ ಬಂದಿದೆಯಾ ಅಂತ ಎರಡು ಸಲ ನೋಡಿ ಪ್ರಿಂಟ್ ತೆಗೆದಿಟ್ಟೆ.

ಈ ಸಲ ಲಾ ಬೆಳಗಿನ ಜಾವಕ್ಕೆ ಬಂತು. ದಿನಕ್ಕೆ ನಾಲ್ಕು ಪ್ರಶ್ನೆ, ಪುಸ್ತಕ ಮುಚ್ಚಿ, ಗಡಿಯಾರ ಇಟ್ಟು ಬರೆಯುವುದು. ಮೊದಲು ಕಾಯ್ದೆ ಏನು ಹೇಳುತ್ತದೆ, ಆಮೇಲೆ ಇಲ್ಲಿ ಆಗಿರುವುದೇನು, ಕೊನೆಗೆ ತೀರ್ಮಾನ. ಐಸಿಎಐ ಪ್ರತಿ ಪರೀಕ್ಷೆಗೆ ಮೊದಲು ರಿವಿಜನ್ ಟೆಸ್ಟ್ ಪೇಪರ್, ಮಾಕ್ ಟೆಸ್ಟ್ ಪೇಪರ್ ಹಾಕುತ್ತದೆ. ಅವುಗಳ ಉತ್ತರದ ಪಕ್ಕ ನನ್ನ ಉತ್ತರ ಇಟ್ಟು ಹೋಲಿಸುತ್ತಿದ್ದೆ. ಪ್ರತಿ ಭಾನುವಾರ ಸಂಜೆ ಖತಾವಣಿ ಏರಿಸುವುದನ್ನು ಬಿಡಲಿಲ್ಲ. ಒಂದು ಖಾತೆ ಹಿಂದೆ ಬಿದ್ದರೆ ಮುಂದಿನ ವಾರ ಬೆಳಗಿನ ಹೊತ್ತು ಅದಕ್ಕೇ.

ಮೇ 3 ಮತ್ತು 5ಕ್ಕೆ ಬಳ್ಳಾರಿಯಲ್ಲಿ ಎರಡು ಪೇಪರ್. ಬಳ್ಳಾರಿಯ ಮೇ ಬಿಸಿಲು ಗೊತ್ತಲ್ವಾ, ಎರಡು ಗಂಟೆಗೆ ಹಾಲಿನೊಳಗೆ ಫ್ಯಾನಿನ ಗಾಳಿಯೂ ಬಿಸಿ. ಚಿಗವ್ವ ಮಜ್ಜಿಗೆ ಕುಡಿಸಿಯೇ ಕಳಿಸುತ್ತಿದ್ದಳು. 6ಕ್ಕೆ ಊರಿಗೆ ಬಂದೆ. 9ರ ಬೆಳಿಗ್ಗೆ ಸಿರುಗುಪ್ಪದ ಗೆಳತಿಯ ಫೋನ್. ಭಾರತ-ಪಾಕಿಸ್ತಾನ ಗಡಿಯಲ್ಲಿನ ಪರಿಸ್ಥಿತಿಯಿಂದ 9ರಿಂದ 14ರವರೆಗಿನ ಪೇಪರ್‌ಗಳನ್ನೆಲ್ಲ ಮುಂದೂಡಿದ್ದರು. ಆಕೆ ಎರಡನೇ ಗ್ರೂಪಿಗೆ ತಯಾರಾಗಿ ಬಳ್ಳಾರಿಯಲ್ಲೇ ಉಳಿದಿದ್ದಳು. ಆಮೇಲೆ 16ರಿಂದ 24ರ ನಡುವೆ ಹೊಸ ತಾರೀಖು ಬಂದವು. ಸಿಕ್ಕ ದಿನಗಳಲ್ಲಿ ಇನ್ನೊಂದು ಸಲ ಕಾಸ್ಟಿಂಗ್ ನೋಡುತ್ತೇನೆ ಅಂದಳು. ಆಕೆಯ ಆ ಗಟ್ಟಿತನ ನನಗೆ ಬಹಳ ಹಿಡಿಸಿತು.

ನಾನು ಫಲಿತಾಂಶಕ್ಕೆ ಕಾಯಲಿಲ್ಲ. ಜನವರಿ ಆದ ಮೇಲೆ ಒಂದೂವರೆ ತಿಂಗಳು ಸುಮ್ನೆ ಕಾದಿದ್ದೆ. ಆ ಒಂದೂವರೆ ತಿಂಗಳ ಪುಟಗಳು ಖಾಲಿ. ಈ ಸಲ ಮೇ 10ಕ್ಕೇ ಕಾಸ್ಟಿಂಗ್ ತೆಗೆದೆ. ಜುಲೈ 5ಕ್ಕೆ ಸೆಪ್ಟೆಂಬರ್‌ನ ಅರ್ಜಿ ತೆರೆಯಿತು, 6ಕ್ಕೆ ಫಲಿತಾಂಶ ಬಂತು. ಅಕೌಂಟ್ಸ್ 54, ಲಾ 49. ಟ್ಯಾಕ್ಸಿನ 60 ಸೇರಿ 163. ಅವತ್ತು ರಾತ್ರಿಯೇ ಎರಡನೇ ಗ್ರೂಪಿಗೆ ಅರ್ಜಿ ಹಾಕಿದೆ. ಯೋಚಿಸಲು ಏನೂ ಉಳಿದಿರಲಿಲ್ಲ, ಖಾತೆಗಳಲ್ಲಿ ಆಗಲೇ 320 ಗಂಟೆ ಇದ್ದವು.

ಜುಲೈನಿಂದ ಸೆಪ್ಟೆಂಬರ್ ಮಿಲ್ಲಿಗೆ ತುಸು ಬಿಡುವಿನ ಕಾಲ. ಹೊಸ ಭತ್ತ ಬರುವುದು ಮುಂದೆ. ದಿನಕ್ಕೆ ಮೂರು ಗಂಟೆ ಸಿಕ್ಕವು. ಮೊದಲೇ ಮಿಲ್ಲಿನ ವರ್ಷ ಮತ್ತು ಪರೀಕ್ಷೆಯ ವರ್ಷವನ್ನು ಪಕ್ಕಪಕ್ಕ ಇಟ್ಟು ನೋಡಿದ್ದರೆ ಕಷ್ಟದ ಗ್ರೂಪನ್ನು ಸೆಪ್ಟೆಂಬರ್‌ಗೇ ಇಡುತ್ತಿದ್ದೆ. ಕೆಲಸ ಮಾಡುತ್ತಾ ಓದುವವರು ದಯವಿಟ್ಟು ಇದೊಂದನ್ನು ನೋಡಿಕೊಳ್ಳಿ. ನಿಮ್ಮ ಕೆಲಸ ಯಾವ ತಿಂಗಳು ಹಗುರ ಅಂತ ಬೇರೆ ಯಾರ ಪ್ಲಾನ್‌ನಲ್ಲೂ ಬರೆದಿರುವುದಿಲ್ಲ.

ಸೆಪ್ಟೆಂಬರ್‌ನಲ್ಲಿ ಪೇಪರ್ 11, 13, 15ಕ್ಕೆ. ಮತ್ತೆ 11! 15ಕ್ಕೆ ಮುಂಗಡ ತೆರಿಗೆಯ ಎರಡನೇ ಕಂತು ಬೇರೆ. ಜಿಎಸ್‌ಟಿಆರ್-1 8ಕ್ಕೇ ಮುಗಿಸಿದೆ, ಮುಂಗಡ ತೆರಿಗೆಯ ಚಲನ್ ತಯಾರು ಮಾಡಿ ಕಾಕಾನ ಕೈಗೆ ಕೊಟ್ಟೆ. ಮಳೆಗಾಲದಲ್ಲಿ ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ, ಆಗ ಹೊಸಪೇಟೆ ಮೇಲೆ ಸುತ್ತಿ ಹೋಗಬೇಕು. ಆ ಚಿಂತೆ ಬೇಡ ಅಂತ 9ಕ್ಕೇ ಬಳ್ಳಾರಿ ಸೇರಿದೆ. ಪರೀಕ್ಷೆಗಳು ನೆಟ್ಟಗೆ ನಡೆದವು, ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ನವೆಂಬರ್ 3ರ ಮಧ್ಯಾಹ್ನ ಫಲಿತಾಂಶ. ಕಾಸ್ಟಿಂಗ್ 52, ಆಡಿಟಿಂಗ್ 47, ಎಫ್‌ಎಂ ಮತ್ತು ಸ್ಟ್ರಾಟೆಜಿಕ್ ಮ್ಯಾನೇಜ್‌ಮೆಂಟ್ 56. ಒಟ್ಟು 155. ಕಾಕಾ ಪುಸ್ತಕ ಇಸಕೊಂಡು ಕೊನೆಯ ಪುಟದಲ್ಲಿ ಕೆಳಗೆ ಎರಡು ಗೆರೆ ಎಳೆದರು, ಖಾತೆ ಮುಚ್ಚುವಾಗ ಎಳೆಯುವ ಹಾಗೆ. ಸಾವ್ಕಾರರು ಪೇಡೆ ತರಿಸಿದರು. ಆಮೇಲೆ ಮೆಲ್ಲಗೆ ಕೇಳಿದರು, "ಹಂಗಾದ್ರ ನೀ ಯಾವಾಗ ಹೊಂಟಿ ತಂಗಿ?"

ಆರ್ಟಿಕಲ್‌ಶಿಪ್‌ಗೆ ಮೊದಲು ಐಸಿಐಟಿಎಸ್‌ಎಸ್ ತರಬೇತಿ ಮುಗಿಸಬೇಕು. ಕಂಪ್ಯೂಟರಿಗೆ 15 ದಿನ, ಓರಿಯೆಂಟೇಶನ್‌ಗೆ 15 ದಿನ. ಅದಕ್ಕೂ ಪೋರ್ಟಲ್‌ನಲ್ಲಿ ಬ್ಯಾಚ್ ನೋಡಿ ಸೀಟು ಹಿಡಿಯಬೇಕು. ಬಳ್ಳಾರಿಯಲ್ಲಿ ಬ್ಯಾಚ್ ಬಂದರೆ ಚಿಗವ್ವನ ಮನೆಯಿಂದಲೇ ಹೋಗಬಹುದು. ದಿನಾ ರಾತ್ರಿ ತೆರೆದು ನೋಡುತ್ತಿದ್ದೇನೆ. ಮಿಲ್ಲಿಗೆ ಹೊಸದಾಗಿ ಬಂದಿರುವ ಹುಡುಗಿಗೆ ಜಿಎಸ್‌ಟಿಆರ್-1 ಕಲಿಸುತ್ತಿದ್ದೇನೆ. ಡಿಸೆಂಬರ್ 11ರದ್ದನ್ನು ಅವಳೇ ಹಾಕಲಿ, ನಾನು ಪಕ್ಕದಲ್ಲಿ ಕೂರುತ್ತೇನೆ ಅಂತ ಹೇಳಿದ್ದೇನೆ.